ಅಮ್ಮನ ಮನೆಯ ಭಾನುವಾರ, ಸೋಮವಾರದ ತಲೆಭಾರ

ಓದುಗರೊಬ್ಬರ ಪ್ರಶ್ನೆ:

“ಡಾಕ್ಟ್ರೇ, ನನಗೆ 38 ವರ್ಷ. ವಾರದ ದಿನಗಳಲ್ಲಿ ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುತ್ತೇನೆ. ಅಮ್ಮ ಬೇರೆ ಊರಿನಲ್ಲಿದ್ದಾರೆ, ಕಾರಿನಲ್ಲಿ ಮೂರೂವರೆ ಗಂಟೆ ದಾರಿ. ಚಳಿಗಾಲದಲ್ಲಿ ತಿಂಗಳಿಗೆ ಎರಡು ಸಲವಾದರೂ ಶನಿವಾರ ಸಂಜೆ ಹೋಗಿ ಭಾನುವಾರ ರಾತ್ರಿ ವಾಪಸ್ ಬರುತ್ತೇವೆ. ಅಲ್ಲಿ ನಾನು ಒಂದು ಕಡ್ಡಿ ಎತ್ತಿಡುವ ಹಾಗೂ ಇಲ್ಲ, ಪೂರ್ತಿ ಆರಾಮ. ಶನಿವಾರ ಮಾತಾಡುತ್ತಾ ಮಲಗುವಾಗ ಒಂದು ಗಂಟೆ. ಭಾನುವಾರ ರಗ್ಗು ಹೊದ್ದು ಹತ್ತರ ತನಕ ಮಲಗುತ್ತೇನೆ. ಊಟವಾದ ಮೇಲೆ ಎರಡೂವರೆಯಿಂದ ನಾಲ್ಕೂವರೆ ಮತ್ತೆ ನಿದ್ದೆ. ಎದ್ದರೆ ತಲೆ ಕಲ್ಲಿನ ಹಾಗೆ. ಆರಕ್ಕೆ ಹೊರಟು ಒಂಬತ್ತೂವರೆಗೆ ಮನೆ ಸೇರುತ್ತೇವೆ. ಆಮೇಲೆ ರಾತ್ರಿ ಎರಡಾದರೂ ಕಣ್ಣು ಮುಚ್ಚುವುದಿಲ್ಲ. ಸೋಮವಾರ ನನ್ನನ್ನು ಯಾರೂ ಮಾತಾಡಿಸದಿದ್ದರೆ ಸಾಕು ಅನ್ನಿಸುತ್ತದೆ. ಇಷ್ಟು ಮಲಗಿಯೂ ಯಾಕೆ ಸುಸ್ತು? ‘ಚಳಿಗಾಲದಲ್ಲಿ ಹಗಲು ಮಲಗಿದರೆ ಮೈ ಜಡ ಹಿಡಿಯುತ್ತೆ’ ಅಂತ ಅಮ್ಮ. ‘ವಾರದ ನಿದ್ದೆಯ ಸಾಲ ತೀರಿಸಿಕೋ, ಸುಮ್ನೆ ಮಲಗು’ ಅಂತ ನಮ್ಮನೆಯವರು. ಯಾರು ಸರಿ?

ಅಮ್ಮನಿಗೆ 69. ರಾತ್ರಿ ಎಂಟೂವರೆಗೇ ತೂಕಡಿಸುತ್ತಾರೆ, ಬೆಳಗಿನ ನಾಲ್ಕೂವರೆಗೆ ಎದ್ದು ಪಾತ್ರೆ ಸದ್ದು ಶುರು. ಇದು ಕಾಯಿಲೆಯಾ? ನಮ್ಮನೆಯವರಿಗೆ ಅಲ್ಲಿ ನಿದ್ದೆಯೇ ಬರುವುದಿಲ್ಲ. ಅಂದಹಾಗೆ, ಅಲ್ಲಿ ಬೆಳಿಗ್ಗೆ ಎದ್ದಾಗ ನಮ್ಮಿಬ್ಬರಿಗೂ ಸ್ವಲ್ಪ ತಲೆನೋವು ಇರುತ್ತದೆ. ಹೋದ ಸಲ ಮಗ ಒಮ್ಮೆ ವಾಂತಿ ಮಾಡಿದ, ಊಟ ಜಾಸ್ತಿಯಾಯ್ತು ಅಂದುಕೊಂಡೆವು. ಮಗು ಬೆಚ್ಚಗಿರಲಿ ಅಂತ ಅಮ್ಮ ನಮ್ಮ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಅದರ ಶುಷ್ಕ ಗಾಳಿಯಿಂದ ಹೀಗಾಗುತ್ತಿರಬಹುದಾ?”

ಉತ್ತರ:

ನಿಮ್ಮ ಮುಖ್ಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಆ ಅಗ್ಗಿಷ್ಟಿಕೆ. ನೀವು ಅದನ್ನು ‘ಅಂದಹಾಗೆ’ ಅಂತ ಪತ್ರದ ಬಾಲಕ್ಕೆ ಸೇರಿಸಿದ್ದೀರಿ. ಇಡೀ ಪತ್ರದಲ್ಲಿ ನನ್ನ ಎದೆ ಧಸಕ್ಕೆಂದಿದ್ದು ಅದೊಂದು ಸಾಲಿಗೇ.

ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಇದನ್ನು ಓದಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿ. ನೀವು ಇಲ್ಲದ ರಾತ್ರಿಗಳಲ್ಲಿ ಅವರು ತಮ್ಮ ಕೋಣೆಯಲ್ಲೂ ಇಟ್ಟುಕೊಳ್ಳುತ್ತಿರಬಹುದು. ಆಗ ಎಬ್ಬಿಸುವುದಕ್ಕೂ ಜೊತೆಗೆ ಯಾರೂ ಇರುವುದಿಲ್ಲ.

ಇದ್ದಿಲು ನಿಗಿನಿಗಿ ಕೆಂಡವಾಗಿ ಕೂತಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ‘ಹೊಗೆ ಏನೂ ಇಲ್ವಲ್ಲ, ಬರೀ ಕೆಂಡ ತಾನೇ’ ಅಂತ ಜನ ಮೋಸ ಹೋಗುವುದು ಇಲ್ಲೇ. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕ ಕೂರಬೇಕಾದ ಜಾಗವನ್ನೆಲ್ಲ ಅದೇ ಹಿಡಿದುಕೊಳ್ಳುತ್ತದೆ. ಸ್ವಲ್ಪ ಪ್ರಮಾಣದಲ್ಲಿ ಹೋದರೆ ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು. ಜಾಸ್ತಿ ಹೋದರೆ ಮಲಗಿದವರು ಮಲಗಿದ ಹಾಗೇ ಹೋಗಿಬಿಡುತ್ತಾರೆ. ನಿದ್ದೆಯಲ್ಲಿದ್ದವರಿಗೆ ಏನೋ ಸರಿ ಇಲ್ಲ ಎಂಬ ಸುಳಿವೂ ಸಿಗುವುದಿಲ್ಲ.

ನಿಮ್ಮ ಮನೆಯಲ್ಲಿ ಆಗುತ್ತಿರುವುದು ಇದೇ ಅಂತ ಪತ್ರ ಓದಿ ಹೇಳಲಾರೆ. ಆದರೆ ಒಂದೇ ಕೋಣೆಯಲ್ಲಿ ಮಲಗಿದ ಇಬ್ಬರಿಗೆ ಒಟ್ಟಿಗೆ ತಲೆನೋವು, ಮಗುವಿಗೆ ವಾಂತಿ, ಎಲ್ಲವೂ ಬೆಳಿಗ್ಗೆಯೇ! ಇದನ್ನು ಶುಷ್ಕ ಗಾಳಿಯ ತಲೆಗೆ ಕಟ್ಟಲು ನಾನು ತಯಾರಿಲ್ಲ. ಶುಷ್ಕ ಗಾಳಿಗೆ ಗಂಟಲು ಒಣಗುತ್ತದೆ, ಮೂಗು ಕಟ್ಟುತ್ತದೆ, ಅಷ್ಟೇ. ನೀವೇ ನೆನಪು ಮಾಡಿಕೊಳ್ಳಿ. ಹೊರಗೆ ಅಂಗಳಕ್ಕೆ ಬಂದು ಒಂದೆರಡು ಗಂಟೆ ಕಳೆದ ಮೇಲೆ ತಲೆನೋವು ತಾನಾಗಿ ಇಳಿಯುತ್ತಿತ್ತಾ? ಅಗ್ಗಿಷ್ಟಿಕೆ ಇಡದ ರಾತ್ರಿಗಳ ಮರುದಿನ ಇರುತ್ತಿರಲಿಲ್ಲವಾ? ಎರಡಕ್ಕೂ ಹೌದು ಎಂದಾದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಶುದ್ಧ ಗಾಳಿಗೆ ಬಂದ ಮೇಲೂ ರಕ್ತದಲ್ಲಿರುವ ಈ ಅನಿಲ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ನಿಮ್ಮ ಭಾನುವಾರದ ಸುಸ್ತಿನಲ್ಲಿ ಇದರದ್ದೂ ಒಂದು ಪಾಲು ಇರಬಹುದು.

ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ಎಷ್ಟು ತೆರೆದರೆ ಸಾಕು ಅಂತ ಅಳೆಯುವ ಉಪಾಯ ನಮ್ಮ ಹತ್ತಿರ ಇಲ್ಲ. ಚಳಿ ಜಾಸ್ತಿಯಾದರೆ ನಡುರಾತ್ರಿ ಯಾರಾದರೂ ಎದ್ದು ಮುಚ್ಚೇ ಮುಚ್ಚುತ್ತಾರೆ. ಮೇಲೆ ಬೂದಿ ಮುಚ್ಚಿ ಆರಿದ ಹಾಗೆ ಕಾಣುವ ಕೆಂಡವೂ ಅನಿಲ ಬಿಡುತ್ತಲೇ ಇರುತ್ತದೆ. ಇನ್ನೊಂದು ಮಾತು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಈಗ ಬಹಳ ಮನೆಗಳಲ್ಲಿದೆ. ಅದರಲ್ಲಿ ನೋಡಿ 98 ಇದೆ ಅಂತ ನೆಮ್ಮದಿಯಿಂದ ಇರಬೇಡಿ. ಆ ಯಂತ್ರಕ್ಕೆ ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನೂ ಆಮ್ಲಜನಕ ಅಂಟಿದ್ದರ ಹಾಗೇ ಕಾಣುತ್ತದೆ. ಯಾರಿಗಾದರೂ ಮಂಪರು, ತೊದಲು, ತೀವ್ರ ತಲೆನೋವು ಕಂಡರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆ. ಕೋಣೆಯಲ್ಲಿ ಕೆಂಡ ಇತ್ತು ಅನ್ನುವುದನ್ನು ಅಲ್ಲಿ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅದು ವೈರಲ್ ಜ್ವರದ ತಲೆನೋವಿನ ಹಾಗೇ ಕಾಣುತ್ತದೆ.

ಹಾಗಂತ ಚಳಿಯಲ್ಲಿ ನಡುಗುತ್ತಾ ಮಲಗಿ ಅಂತ ಅಲ್ಲ. ಕೋಣೆ ಬೆಚ್ಚಗಾಗುವುದಕ್ಕಿಂತ ಪಾದ ಬೆಚ್ಚಗಾಗುವುದು ಮುಖ್ಯ. 1999ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ತೋರಿಸಿದ ಸಂಗತಿ ಇದು: ಕೈಕಾಲಿನ ಚರ್ಮ ಬೆಚ್ಚಗಿದ್ದವರಿಗೆ ನಿದ್ದೆ ಬೇಗ ಹತ್ತುತ್ತದೆ. ಪಾದದ ರಕ್ತನಾಳಗಳು ಹಿಗ್ಗಿದಾಗ ಮೈಯೊಳಗಿನ ಕಾವು ಅಲ್ಲಿಂದ ಹೊರಗೆ ಹೋಗುತ್ತದೆ. ಒಳಗಿನ ಕಾವು ಸ್ವಲ್ಪ ಇಳಿದರೇನೇ ಮೆದುಳು ನಿದ್ದೆಗೆ ಜಾರುವುದು. ಆದ್ದರಿಂದ ಒಂದು ಜೊತೆ ಕಾಲುಚೀಲ ಹಾಕಿಕೊಳ್ಳಿ. ಬಿಸಿನೀರಿನ ರಬ್ಬರ್ ಚೀಲಕ್ಕೆ ಬಟ್ಟೆ ಸುತ್ತಿ ಹೊದಿಕೆಯೊಳಗೆ ಮೊದಲೇ ಇಟ್ಟು, ಮಲಗುವಾಗ ತೆಗೆಯಿರಿ. ಮಗುವಿಗೆ ಇನ್ನೊಂದು ಕಂಬಳಿ. ವಿದ್ಯುತ್ ಹೀಟರ್ ಇದ್ದರೆ ಹಾಸಿಗೆಯಿಂದ ದೂರ ಇಟ್ಟು, ಮಲಗುವ ಮುಂಚೆ ಆರಿಸಿ. ಅಮ್ಮನ ಪ್ರೀತಿಯ ಅಗ್ಗಿಷ್ಟಿಕೆಗೆ ಅಂಗಳ ಇದೆಯಲ್ಲ. ಸಂಜೆ ಅಲ್ಲೇ ಸುತ್ತ ಕೂತು ಕೈ ಕಾಯಿಸಿಕೊಳ್ಳಿ.

ಈಗ ನಿಮ್ಮ ಭಾನುವಾರಕ್ಕೆ ಬರೋಣ.

ಯಾವ ಕೆಲಸವೂ ಇಲ್ಲದೆ, ವಾರದ ದಿನಗಳಿಗಿಂತ ನಾಲ್ಕು ಗಂಟೆ ಹೆಚ್ಚು ಮಲಗಿದರೂ ಸೋಮವಾರ ಯಾಕೆ ಹೀಗೆ, ಏನಾದರೂ ಕಾಯಿಲೆ ಇರಬಹುದಾ ಎಂಬುದು ನಿಮ್ಮ ಚಿಂತೆ. ಕಾಯಿಲೆ ಅನ್ನಿಸುವಂಥದ್ದು ನೀವು ಬರೆದುದರಲ್ಲಿ ಕಾಣುವುದಿಲ್ಲ, ತಲೆನೋವನ್ನು ಬಿಟ್ಟು. ನಾನು ನಿದ್ದೆಯ ತೊಂದರೆಗಳನ್ನು ನೋಡುವ ವೈದ್ಯ. ಸೋಮವಾರ ಬೆಳಗಿನ ಒಪಿಡಿಯಲ್ಲಿ ನಿಮ್ಮಂಥವರು ಬಹಳ ಮಂದಿ ಸಿಗುತ್ತಾರೆ. ‘ರಾತ್ರಿ ನಿದ್ದೆ ಬರಲಿಲ್ಲ, ಗುಳಿಗೆ ಕೊಡಿ’ ಅನ್ನುತ್ತಾರೆ. ನಾನು ಭಾನುವಾರ ರಾತ್ರಿಯ ಕಥೆ ಕೇಳುವುದೇ ಇಲ್ಲ, ಭಾನುವಾರ ಬೆಳಿಗ್ಗೆ ಎಷ್ಟಕ್ಕೆ ಎದ್ದಿರಿ ಅಂತ ಕೇಳುತ್ತೇನೆ. ಗಂಟು ಬಿದ್ದಿರುವುದು ಅಲ್ಲಿ.

ನಿದ್ದೆ ಬರಲು ಎರಡು ಸಂಗತಿ ಕೂಡಿಬರಬೇಕು. ಒಂದು ಹಸಿವಿನ ಥರ. ಎಚ್ಚರ ಇದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ, ನಿದ್ದೆಯ ಒತ್ತಡ ಏರುತ್ತದೆ. ಮಲಗಿದಾಗ ಅದು ಕರಗುತ್ತದೆ. ನಿಮ್ಮದೇ ಲೆಕ್ಕ ನೋಡಿ. ವಾರದ ದಿನ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ ದಿಂಬಿಗೆ ತಲೆ ಕೊಡುವಾಗ 17 ಗಂಟೆಯ ಹಸಿವು ಇರುತ್ತದೆ. ಭಾನುವಾರ ನಾಲ್ಕೂವರೆಗೆ ಎದ್ದು ಹನ್ನೊಂದಕ್ಕೆ ಮಲಗಿದರೆ ಆರೂವರೆ ಗಂಟೆಯದು. ಐದು ಗಂಟೆಗೆ ಹೊಟ್ಟೆತುಂಬ ತಿಂಡಿ ತಿಂದವರನ್ನು ಏಳಕ್ಕೆ ಊಟಕ್ಕೆ ಕೂರಿಸಿದ ಹಾಗೆ. ಸೇರುವುದಿಲ್ಲ ಅಂದರೆ ಅದು ಹೊಟ್ಟೆಯ ತಪ್ಪಾ?

ಎರಡನೆಯದು ಗಡಿಯಾರ. ಮೆದುಳಿನ ತಳದಲ್ಲಿ, ಕಣ್ಣಿನ ನರಗಳು ಹಾದುಹೋಗುವ ಜಾಗದ ಮೇಲೆಯೇ, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಜೀವಕೋಶಗಳ ಗುಂಪಿದೆ. ಯಾವಾಗ ಕಾವು ಇಳಿಯಬೇಕು, ರಾತ್ರಿಯಾಯಿತು ಅಂತ ಮೈಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ಯಾವಾಗ ಬಿಡಬೇಕು ಎಂಬುದನ್ನೆಲ್ಲ ಹೊಂದಿಸುವುದು ಅದು. ಹಾರ್ವರ್ಡ್‌ನ ವಿಜ್ಞಾನಿಗಳು 1999ರಲ್ಲಿ ಅಳೆದು ನೋಡಿದಾಗ ಈ ಗಡಿಯಾರದ ಒಂದು ದಿನ ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದ ಇತ್ತು. ಅಂದರೆ ಬಿಟ್ಟರೆ ಅದು ದಿನಾ ಸ್ವಲ್ಪ ಹಿಂದೆ ಬೀಳುತ್ತದೆ. ಬೆಳಗಿನ ಬೆಳಕು ಬಿದ್ದಾಗಲೇ ಅದು ಮತ್ತೆ ಸರಿಹೊಂದುವುದು. ಹಾಗಾಗಿಯೇ ತಡವಾಗಿ ಮಲಗುವುದು ಹೆಚ್ಚಿನವರಿಗೆ ಸಲೀಸು, ಬೇಗ ಮಲಗುವುದು ಕಷ್ಟ.

ವಾರದ ದಿನ ನಿಮ್ಮ ನಿದ್ದೆಯ ನಟ್ಟನಡು ಎರಡೂವರೆಗೆ ಬೀಳುತ್ತದೆ. ಶನಿವಾರ ಒಂದರಿಂದ ಹತ್ತು ಅಂದರೆ ಐದೂವರೆಗೆ. ಮೂರು ಗಂಟೆ ಅಂತರ. ವಿಮಾನ ಹತ್ತಿ ಮೂರು ಗಂಟೆ ವ್ಯತ್ಯಾಸದ ಪಶ್ಚಿಮದ ದೇಶಕ್ಕೆ ಹೋಗಿ ಮರುದಿನವೇ ವಾಪಸ್ ಬಂದರೆ ಮೈಗೆ ಏನಾಗುತ್ತದೋ, ನೀವು ರಗ್ಗಿನೊಳಗೇ ಅದನ್ನು ಮಾಡಿಕೊಂಡಿದ್ದೀರಿ. ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೆ ‘ಸೋಷಿಯಲ್ ಜೆಟ್‌ಲ್ಯಾಗ್’ ಅಂತ ಹೆಸರಿಟ್ಟರು. ಒಂದೇ ದಿನದಲ್ಲಿ ಗಡಿಯಾರ ಪೂರ್ತಿ ಮೂರು ಗಂಟೆ ಸರಿಯುವುದಿಲ್ಲ, ನಿಜ. ಆದರೆ ಭಾನುವಾರ ರಾತ್ರಿಯನ್ನು ಕೆಡಿಸಲು ಒಂದು ಗಂಟೆ ಸರಿದರೂ ಸಾಕು.

ಇದರ ಮೇಲೆ ಚಳಿಗಾಲ ಬೇರೆ. ನಿಮ್ಮ ಪತ್ರದಲ್ಲಿ ನಾನು ಬಿಸಿಲನ್ನು ಹುಡುಕಿದೆ, ಎಲ್ಲೂ ಸಿಗಲಿಲ್ಲ. ಹತ್ತರ ತನಕ ಪರದೆ ಎಳೆದ ಕೋಣೆ. ಆಮೇಲೆ ಅಡುಗೆಮನೆ, ನಡುಮನೆ, ಊಟ, ಮತ್ತೆ ಕೋಣೆ. ನೀವು ಮೊದಲ ಸಲ ಆಕಾಶದ ಕೆಳಗೆ ಬರುವುದು ಸಂಜೆ ಆರಕ್ಕೆ, ಕಾರು ಹತ್ತುವಾಗ. ಅಷ್ಟರಲ್ಲಿ ಕತ್ತಲು. ಮನೆಯೊಳಗೆ ಲೈಟ್ ಹಾಕಿದರೂ ಬೆಳಕು ಸಾಮಾನ್ಯವಾಗಿ ನೂರರಿಂದ ಮುನ್ನೂರು ಲಕ್ಸ್ (ಬೆಳಕನ್ನು ಅಳೆಯುವ ಮಾನ). ಮೋಡ ಕವಿದ ಚಳಿಗಾಲದ ದಿನದಲ್ಲೂ ಹೊರಗೆ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ಕಣ್ಣು ಎರಡಕ್ಕೂ ಹೊಂದಿಕೊಂಡುಬಿಡುವುದರಿಂದ ವ್ಯತ್ಯಾಸ ಇಷ್ಟಿದೆ ಅಂತ ನಮಗೆ ಗೊತ್ತಾಗುವುದಿಲ್ಲ. ಗಡಿಯಾರಕ್ಕೆ ಗೊತ್ತಾಗುತ್ತದೆ.

ಕೊಲೊರಾಡೊ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ವಾರದ ಕೊನೆಯಲ್ಲಿ ಕೆಲವರನ್ನು ಟೆಂಟಿನಲ್ಲಿ ಬಿಟ್ಟರು, ಕೆಲವರು ಮನೆಯಲ್ಲೇ ಉಳಿದರು. ಮನೆಯಲ್ಲಿದ್ದವರು ತಡವಾಗಿ ಮಲಗಿ ತಡವಾಗಿ ಎದ್ದರು, ಅವರ ಗಡಿಯಾರ ಇನ್ನೂ ಹಿಂದೆ ಬಿತ್ತು. ಟೆಂಟಿನವರದ್ದು ಹಿಂದೆ ಬೀಳುವ ಬದಲು ಮುಂದಕ್ಕೆ ಬಂತು. ಅದೇ ತಂಡ ಚಳಿಗಾಲದಲ್ಲಿ ಒಂದು ವಾರ ಟೆಂಟಿನಲ್ಲಿ ಇರಿಸಿದವರಿಗೆ ರಾತ್ರಿಯ ಮೆಲಟೋನಿನ್ ಸುಮಾರು ಎರಡೂವರೆ ಗಂಟೆ ಬೇಗ ಏರಲು ಶುರುವಾಯಿತು. ಗುಳಿಗೆ ಇಲ್ಲ, ಪಥ್ಯ ಇಲ್ಲ. ಹಗಲು ಬೆಳಕು, ರಾತ್ರಿ ಕತ್ತಲು, ಅಷ್ಟೇ.

ಇನ್ನು ಅಮ್ಮ ಸರಿಯಾ, ನಿಮ್ಮ ಯಜಮಾನರು ಸರಿಯಾ ಎಂಬ ಪಂಚಾಯ್ತಿ.

ಅಮ್ಮ ಹೇಳುವ ‘ಜಡ’ ಸುಳ್ಳಲ್ಲ. ಮಲಗಿ ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಇಳಿಯುತ್ತೇವೆ. ಅಲ್ಲಿಂದ ಎದ್ದುಬಂದರೆ ಮೈ ಎದ್ದಿರುತ್ತದೆ, ಮೆದುಳು ಪೂರ್ತಿ ಎದ್ದಿರುವುದಿಲ್ಲ. ಈ ಮಂಪರು ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಕಾಡುತ್ತದೆ. ಆದರೆ ಇದಕ್ಕೆ ಚಳಿಗಾಲ ಕಾರಣ ಅಲ್ಲ, ಬೇಸಿಗೆಯಲ್ಲೂ ಅಷ್ಟೇ. ಹಗಲು ನಿದ್ದೆಯೇ ಕೆಟ್ಟದ್ದು ಅನ್ನುವುದೂ ಸರಿಯಲ್ಲ. ಮಧ್ಯಾಹ್ನ ಒಂದರಿಂದ ಮೂರರ ಒಳಗೆ ಎಚ್ಚರ ಸ್ವಲ್ಪ ಇಳಿಯುವುದು ಗಡಿಯಾರದ್ದೇ ಏರ್ಪಾಡು, ಊಟ ಮಾಡದವರಿಗೂ ಆಗುತ್ತದೆ. ಊಟ ಭಾರಿಯಾದರೆ ಜಾಸ್ತಿ ಆಗುತ್ತದೆ. ‘ರಕ್ತವೆಲ್ಲ ಹೊಟ್ಟೆಗೆ ಹೋಗಿ ಮೆದುಳಿಗೆ ಕಡಿಮೆಯಾಗುತ್ತದೆ’ ಎಂಬ ವಿವರಣೆ ಮಾತ್ರ ತಪ್ಪು. ಮೆದುಳು ತನ್ನ ಪಾಲಿನ ರಕ್ತವನ್ನು ಹೊಟ್ಟೆಗೆ ಬಿಟ್ಟುಕೊಡುವ ಪೈಕಿ ಅಲ್ಲ.

ಯಜಮಾನರ ‘ಸಾಲ’ದ ಮಾತು ಅರ್ಧ ನಿಜ. ಒಂದೆರಡು ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಹೆಚ್ಚು ಮಲಗಿ ಚೇತರಿಸಿಕೊಳ್ಳಬಹುದು. ವಾರವೆಲ್ಲ ಐದೈದು ಗಂಟೆ ಮಲಗಿ ಭಾನುವಾರ ಒಟ್ಟಿಗೆ ಕಟ್ಟುತ್ತೇನೆ ಅಂದರೆ ಆ ಬ್ಯಾಂಕು ಒಪ್ಪುವುದಿಲ್ಲ. 2019ರ ಇನ್ನೊಂದು ಅಧ್ಯಯನದಲ್ಲಿ ಹೀಗೆ ವಾರಾಂತ್ಯಕ್ಕೆ ಮಲಗಿದವರ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಸುಧಾರಿಸಲೇ ಇಲ್ಲ. ನಿಮ್ಮ ವಿಷಯದಲ್ಲಿ ಇದೆಲ್ಲ ಬೇಕಾಗಿಯೂ ಇಲ್ಲ. ದಿನಾ ಏಳು ಗಂಟೆ ಮಲಗುತ್ತೀರಿ. ಸಾಲವೇ ದೊಡ್ಡದಿಲ್ಲ, ತೀರಿಸುವುದೇನು?

ನನ್ನದೂ ಒಂದು ಕಥೆ ಇದೆ, ಹೇಳಿಬಿಡುತ್ತೇನೆ. ಒಂದು ಚಳಿಗಾಲದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಮಹಡಿಯ ಕೋಣೆಯಲ್ಲಿ ‘ಹತ್ತು ನಿಮಿಷ’ ಅಂತ ಅಡ್ಡಾದೆ. ಅಕ್ಕನ ಮೊಮ್ಮಗಳು ಬಂದು ನನ್ನ ಕನ್ನಡಕ ತೆಗೆದು ತನ್ನ ಮೂಗಿಗೆ ಏರಿಸಿಕೊಂಡದ್ದೂ ಗೊತ್ತಿಲ್ಲ. ಎಚ್ಚರವಾದಾಗ ಕೋಣೆ ಕತ್ತಲು. ಕೆಳಗಿಂದ ಲೋಟಗಳ ಸದ್ದು ಕೇಳಿಸುತ್ತಿತ್ತು. ಅದು ಬೆಳಗಿನ ಕಾಫಿಯೋ ಸಂಜೆಯದೋ ಅಂತ ಒಂದು ಕ್ಷಣ ತಿಳಿಯಲಿಲ್ಲ. ಹಲ್ಲುಜ್ಜಲು ಬ್ರಷ್ ಹುಡುಕಿದೆ! ಆ ರಾತ್ರಿ ಮೂರರ ತನಕ ಎದ್ದಿದ್ದೆ. ನಿದ್ದೆಯ ಡಾಕ್ಟರಿಗೇ ಈ ಗತಿ ಅಂತ ಅಕ್ಕ ಈಗಲೂ ಎಲ್ಲರ ಮುಂದೆ ಆಡಿಕೊಳ್ಳುತ್ತಾಳೆ.

ಹಾಗಾದರೆ ಏನು ಮಾಡಬಹುದು? ಎಲ್ಲವನ್ನೂ ಮಾಡಬೇಕಿಲ್ಲ.

ಒಂದೇ ಒಂದು ಬದಲಾವಣೆ ಮಾಡುತ್ತೇನೆ ಅಂದರೆ ಏಳುವ ಸಮಯವನ್ನು ಹಿಡಿಯಿರಿ. ಭಾನುವಾರ ಏಳು, ಹೆಚ್ಚೆಂದರೆ ಏಳೂವರೆ. ಶನಿವಾರ ಒಂದು ಗಂಟೆಗೇ ಮಲಗಿದ್ದರೂ ಅಷ್ಟಕ್ಕೇ. ‘ಅಯ್ಯೋ, ಇರುವುದೊಂದು ಭಾನುವಾರ’ ಅಂತ ನೀವು ಅನ್ನುವುದು ಕೇಳಿಸುತ್ತಿದೆ. ಎದ್ದು ಕೆಲಸ ಮಾಡಿ ಅಂತ ನಾನು ಹೇಳುತ್ತಿಲ್ಲ. ಲೋಟ ಹಿಡಿದು, ಶಾಲು ಹೊದ್ದು, ಹೊರಗೆ ಜಗಲಿಯ ಮೇಲೋ ಮಹಡಿಯ ಮೇಲೋ ಎಳೆಬಿಸಿಲಿಗೆ ಬೆನ್ನು ಕೊಟ್ಟು ಅರ್ಧ ಗಂಟೆ ಕೂರಿ. ಸೋಮಾರಿಯಾಗಿರಬೇಕು ಅಂದರೆ ಅಲ್ಲೇ ಸೋಮಾರಿಯಾಗಿರಿ. ಸೂರ್ಯನನ್ನು ದಿಟ್ಟಿಸಬೇಕಿಲ್ಲ, ಸುತ್ತಲಿನ ಬೆಳಕು ಕಣ್ಣಿಗೆ ಬಿದ್ದರೆ ಸಾಕು. ಕಿಟಕಿಯ ಗಾಜಿನ ಹಿಂದೆ ಕೂತರೆ ಅಷ್ಟು ಬೆಳಕು ಸಿಗುವುದಿಲ್ಲ. ಇದರಲ್ಲಿರುವ ತೊಂದರೆ ಒಂದೇ, ಮೊದಲ ಸಲ ಮಧ್ಯಾಹ್ನ ವಿಪರೀತ ತೂಕಡಿಕೆ ಬರುತ್ತದೆ.

ಅದಕ್ಕೆ ಸಣ್ಣ ನಿದ್ದೆ ಮಾಡಿ. ಅಲಾರಂ ಇಟ್ಟು 20 ನಿಮಿಷ, ಅದೂ ಮೂರು ಗಂಟೆಗೆ ಮುಂಚೆ. ವಿಮಾನದ ಪೈಲಟ್‌ಗಳ ಮೇಲೆ ನಾಸಾ ನಡೆಸಿದ ಅಧ್ಯಯನದಲ್ಲಿ ಅವರು ಸರಾಸರಿ 26 ನಿಮಿಷ ಮಲಗಿ ಚುರುಕಾಗಿ ಎದ್ದಿದ್ದರು. ಹಾಸಿಗೆ, ರಗ್ಗು, ಕತ್ತಲು ಮೂರೂ ಸೇರಿದರೆ 20 ನಿಮಿಷ ಎರಡು ಗಂಟೆಯಾಗುತ್ತದೆ. ಆರಾಮ ಕುರ್ಚಿಯಲ್ಲಿ ಒರಗಿ, ಕಾಲ ಮೇಲೊಂದು ಶಾಲು ಹಾಕಿಕೊಂಡರೆ ಸಾಕು. ಎಬ್ಬಿಸುವ ಜವಾಬ್ದಾರಿಯನ್ನು ಮಗನಿಗೆ ಕೊಡಿ. ಆ ವಯಸ್ಸಿನವರಷ್ಟು ನಿಷ್ಠೆಯಿಂದ ಆ ಕೆಲಸವನ್ನು ಬೇರೆ ಯಾರೂ ಮಾಡುವುದಿಲ್ಲ.

ಮಧ್ಯಾಹ್ನ ಎರಡರ ಮೇಲೆ ಕಾಫಿ, ಟೀ ಕಡಿಮೆ ಮಾಡಿ. ಕುಡಿದ ಕೆಫೀನ್ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಹೊರಡುವ ಮುಂಚೆ ಅಮ್ಮ ಒತ್ತಾಯ ಮಾಡಿ ಕುಡಿಸುವ ಐದೂವರೆಯ ಕಾಫಿಯ ಅರ್ಧ ಭಾಗ ರಾತ್ರಿ ಹತ್ತೂವರೆಗೂ ನಿಮ್ಮೊಳಗೆ ಇರುತ್ತದೆ.

ಹಾಗಂದ ಕೂಡಲೇ ಕಾರು ಓಡಿಸುವವರ ಪ್ರಶ್ನೆ ಬರುತ್ತದೆ. ನಿಮ್ಮಲ್ಲಿ ಯಾರು ಓಡಿಸುತ್ತೀರಿ ಅಂತ ಬರೆದಿಲ್ಲ. ಯಜಮಾನರೇ ಆದರೆ ನನಗೆ ನಿಮ್ಮ ಸೋಮವಾರಕ್ಕಿಂತ ಅವರ ಭಾನುವಾರ ಸಂಜೆಯದೇ ಚಿಂತೆ. ರಾತ್ರಿ ನಿದ್ದೆ ಇಲ್ಲ, ಬೆಳಗಿನ ಜಾವ ಪಾತ್ರೆ ಸದ್ದಿಗೆ ಎಚ್ಚರ, ಸಂಜೆ ಕತ್ತಲಲ್ಲಿ ಮೂರೂವರೆ ಗಂಟೆ ಸ್ಟಿಯರಿಂಗ್. 17 ಗಂಟೆ ಸತತವಾಗಿ ಎಚ್ಚರ ಇದ್ದವರ ಚುರುಕುತನ ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ. ಗಂಟೆಗೆ 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ನಾಲ್ಕು ಸೆಕೆಂಡ್ ಕಣ್ಣು ಎಳೆದರೆ ಸುಮಾರು 90 ಮೀಟರ್ ದಾರಿಯನ್ನು ಕಾರು ಒಂದೇ ನೋಡಿಕೊಂಡಿರುತ್ತದೆ. ಗಾಜು ಇಳಿಸುವುದು, ಹಾಡು ಜೋರಾಗಿ ಇಡುವುದು ನಿದ್ದೆಯನ್ನು ತಡೆಯುವುದಿಲ್ಲ, ತಡೆಯುತ್ತಿದೆ ಅನ್ನುವ ಭ್ರಮೆ ಕೊಡುತ್ತವೆ. ರೆಪ್ಪೆ ಭಾರವಾದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಕಪ್ ಕಾಫಿ ಕುಡಿದು, ಕೂಡಲೇ 20 ನಿಮಿಷ ಕಣ್ಣು ಮುಚ್ಚಬೇಕು. ಎದ್ದೇಳುವ ಹೊತ್ತಿಗೆ ಕೆಫೀನ್ ಕೆಲಸ ಶುರು ಮಾಡಿರುತ್ತದೆ. ಆ ರಾತ್ರಿಯ ನಿದ್ದೆ ಸ್ವಲ್ಪ ಕೆಟ್ಟರೂ ಪರವಾಗಿಲ್ಲ, ರಸ್ತೆಯ ಮೇಲೆ ನನ್ನ ಕಾಫಿ ನಿಯಮ ಲೆಕ್ಕಕ್ಕಿಲ್ಲ.

ನನ್ನ ಕೇಳಿದರೆ ಮೂರು ಗಂಟೆಗೆ ಹೊರಡಿ. ಬೆಳಕಿರುವಾಗಲೇ ಬಹುಪಾಲು ದಾರಿ ಮುಗಿಯುತ್ತದೆ, ಆರೂವರೆಗೆ ಮನೆ, ಹನ್ನೊಂದಕ್ಕೆ ಹಾಸಿಗೆ. ಅಮ್ಮನಿಗೆ ಬೇಜಾರಾಗುತ್ತದೆ, ಗೊತ್ತು. ಹತ್ತರ ಬದಲು ಏಳಕ್ಕೆ ಎದ್ದರೆ ಆ ಮೂರು ಗಂಟೆಯೂ ಅವರಿಗೇ ಸಿಕ್ಕಿತಲ್ಲ, ಅದೂ ನೀವು ಎಚ್ಚರ ಇರುವ ಮೂರು ಗಂಟೆ. ಕೆಲವರು ಭಾನುವಾರ ಅಲ್ಲೇ ಉಳಿದು ಸೋಮವಾರ ಬೆಳಗಿನ ಮೂರಕ್ಕೆ ಹೊರಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಮೈಯ ಗಡಿಯಾರದ ಪ್ರಕಾರ ಎಚ್ಚರ ಎಲ್ಲಕ್ಕಿಂತ ಕೆಳಗಿರುವುದೇ ಬೆಳಗಿನ ಮೂರರಿಂದ ಐದರ ನಡುವೆ.

ಗುಳಿಗೆಯ ಬಗ್ಗೆ ನೀವು ಕೇಳಿಲ್ಲ, ಸದ್ಯ. ಭಾನುವಾರದ ಒಂದು ರಾತ್ರಿಗಾಗಿ ನಿದ್ದೆ ಗುಳಿಗೆ ಬೇಡ. ಶೀತದ ಕೆಲವು ಔಷಧಿಗಳು ತೂಕಡಿಕೆ ತರುತ್ತವೆ ಅಂತ ಅದನ್ನೇ ನಿದ್ದೆಗೆ ಕುಡಿಯುವವರಿದ್ದಾರೆ. ಅದರ ಮಂಪರು ಮರುದಿನ ಬೆಳಿಗ್ಗೆಗೂ ಉಳಿದಿರುತ್ತದೆ. ಮೆಲಟೋನಿನ್ ಗುಳಿಗೆ ತಪ್ಪು ಹೊತ್ತಿನಲ್ಲಿ ತೆಗೆದುಕೊಂಡರೆ ಗಡಿಯಾರವನ್ನು ಬೇಡದ ಕಡೆಗೆ ತಿರುಗಿಸಬಹುದು. ರಾತ್ರಿ ಹನ್ನೆರಡಾದರೂ ನಿದ್ದೆ ಬಾರದಿದ್ದರೆ ಹೊರಳಾಡುತ್ತಾ ಸೋಮವಾರದ ಲೆಕ್ಕ ಹಾಕಬೇಡಿ. ಎದ್ದು ಮಂದ ಬೆಳಕಿನಲ್ಲಿ ಬಟ್ಟೆ ಮಡಚಿ. ಅಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ, ಅದೇ ಅದರ ಗುಣ. ತೂಕಡಿಕೆ ಬಂದಾಗ ಹಾಸಿಗೆಗೆ ಹೋಗಿ. ಸೋಮವಾರ ಮಾತ್ರ ಆರಕ್ಕೇ ಏಳಿ.

ಅಮ್ಮನ ಪಾತ್ರೆ ಸದ್ದಿನ ವಿಷಯ. ವಯಸ್ಸಾದಂತೆ ಗಡಿಯಾರ ಬೇಗಕ್ಕೆ ಸರಿಯುತ್ತದೆ, ಗಾಢ ನಿದ್ದೆ ಕಡಿಮೆಯಾಗುತ್ತದೆ, ನಡುನಡುವೆ ಎಚ್ಚರ ಜಾಸ್ತಿ. ಎಂಟೂವರೆಯಿಂದ ನಾಲ್ಕೂವರೆ ಅಂದರೆ ಎಂಟು ಗಂಟೆ, ಏನೂ ಕೊರತೆ ಇಲ್ಲ. ಹಗಲು ಲವಲವಿಕೆಯಿಂದ ಇದ್ದರೆ ಅದು ಕಾಯಿಲೆ ಅಲ್ಲ. ಅವರಿಗೇ ಬೇಜಾರಿದ್ದರೆ ಸಂಜೆಯ ಹೊತ್ತು ಹೊರಗೆ ಸ್ವಲ್ಪ ನಡೆಯಲಿ, ರಾತ್ರಿ ಒಂಬತ್ತರ ತನಕ ಮನೆಯಲ್ಲಿ ಬೆಳಕು ಚೆನ್ನಾಗಿರಲಿ. ಗಡಿಯಾರ ನಿಧಾನಕ್ಕೆ ತಡಕ್ಕೆ ಸರಿಯುತ್ತದೆ. ಬೆಳಗಿನ ಜಾವ ಎಚ್ಚರವಾಗಿ ಮನಸ್ಸು ಭಾರ, ಊಟ ಸೇರುವುದಿಲ್ಲ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡ ಅನ್ನುವುದು ಎರಡು ವಾರ ದಾಟಿದರೆ ಮಾತ್ರ ವೈದ್ಯರಿಗೆ ತೋರಿಸಿ. ಅದು ವಯಸ್ಸಲ್ಲ, ಖಿನ್ನತೆ ಇರಬಹುದು. ಪಾತ್ರೆಯ ಸದ್ದು ನಿಮಗೆ ಹೇಳುವ ಚುಚ್ಚುಮಾತು ಅಂತ ತಿಳಿಯಬೇಡಿ. ನಾಲ್ಕೂವರೆಗೆ ಎದ್ದವರು ಆರು ಗಂಟೆ ತನಕ ಸುಮ್ನೆ ಕೂತು ಏನು ಮಾಡಬೇಕು ಹೇಳಿ?

ಕೊನೆಗೆ ನಿಮ್ಮ ಯಜಮಾನರು. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬಾರದಿರುವುದು ನಿದ್ದೆಯ ಪ್ರಯೋಗಾಲಯದಲ್ಲಿ ನಾವು ಪ್ರತಿಸಲ ನೋಡುವ ಸಂಗತಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಇದರ ಗುಟ್ಟು ಹುಡುಕಿದರು. ಹೊಸ ಜಾಗದ ಮೊದಲ ರಾತ್ರಿ ಮೆದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಕಿವಿಗೊಟ್ಟಿರುತ್ತದೆ. ಡಾಲ್ಫಿನ್‌ಗಳು ಅರ್ಧ ಮೆದುಳಿನಲ್ಲಿ ಮಲಗುತ್ತವಲ್ಲ, ಅದರ ಒಂದು ಸಣ್ಣ ರೂಪ. ಅತ್ತೆ ಮನೆಗೆ ಅಷ್ಟು ವರ್ಷದಿಂದ ಬಂದರೂ ಅಳಿಯನ ಅರ್ಧ ಮೆದುಳು ಕಾವಲು ಕಾಯುತ್ತಿದೆ ಅಂದರೆ ನಗಬೇಡಿ. ಅವರ ದಿಂಬು, ದಿನಾ ಹೊದೆಯುವ ಹೊದಿಕೆ ಜೊತೆಗೆ ಒಯ್ಯಿರಿ. ಸಾಧ್ಯವಾದರೆ ಪ್ರತಿಸಲ ಅದೇ ಕೋಣೆ, ಅದೇ ಬದಿ. ಅಡುಗೆಮನೆಯ ಪಕ್ಕದ ಕೋಣೆ ಬೇಡ.

ಅವರು ಜೋರಾಗಿ ಗೊರಕೆ ಹೊಡೆಯುತ್ತಾರಾ, ನಡುವೆ ಉಸಿರು ನಿಂತ ಹಾಗಾಗಿ ಮತ್ತೆ ಗಕ್ಕನೆ ಎಳೆದುಕೊಳ್ಳುತ್ತಾರಾ ಅಂತ ಈ ವಾರ ನಿಮ್ಮ ಮನೆಯಲ್ಲೇ ಗಮನಿಸಿ. ಬೆಳಗಿನ ತಲೆನೋವಿಗೆ ಅದೂ ಒಂದು ಕಾರಣ. ಮುಂದಿನ ಸಲ ಅಗ್ಗಿಷ್ಟಿಕೆ ಇಲ್ಲದೆ ಮಲಗಿ ಎದ್ದ ಮೇಲೆ ಮೂವರಿಗೂ ತಲೆ ಹೇಗಿತ್ತು ಅನ್ನುವುದರ ಜೊತೆಗೆ ಇದನ್ನೂ ಬರೆಯಿರಿ.